ನುಗ್ಗುವವರಿಗೂ ಲೆಕ್ಕ ಉಂಟು

ಬದಿಯಡ್ಕದ ಓದುಗರೊಬ್ರು ಬರೆದಿದ್ದಾರೆ: “ಸಿಗ್ನಲ್ ಇಲ್ಲದ ಜಂಕ್ಷನ್‌ನಲ್ಲಿ ಗಾಡಿಗಳು ಹೇಗೆ ಸೇರ್ತವೆ ಅಂತ ಮಗಳ ಇಂಜಿನಿಯರಿಂಗ್ ಕಾಲೇಜಲ್ಲಿ ಮಾಡೆಲ್ ಮಾಡಿಸ್ತಾರಂತೆ. ನಮ್ಮಲ್ಲಿ ನುಗ್ಗಿದವನದ್ದೇ ರಸ್ತೆ, ಇದಕ್ಕೆಲ್ಲ ಎಂತ ಲೆಕ್ಕ?”

ಉತ್ತರ: ಲೆಕ್ಕ ಉಂಟು ಸರ್, ಅದೂ ಬಹಳ ಉಪಯೋಗದ ಲೆಕ್ಕ. ಒಳರಸ್ತೆಯಿಂದ ಬಂದವ ಮೇನ್ ರೋಡಲ್ಲಿ ಎರಡು ಗಾಡಿಗಳ ಮಧ್ಯೆ ಎಷ್ಟು ಸೆಕೆಂಡ್ ಗ್ಯಾಪ್ ಸಿಕ್ಕಿದ್ರೆ ಹೊರಡ್ತಾನೆ, ಅವನ ಹಿಂದಿನವ ಅದೇ ಗ್ಯಾಪಲ್ಲಿ ಎಷ್ಟು ಸೆಕೆಂಡ್ ಬಿಟ್ಟು ಹೊರಡ್ತಾನೆ, ಮುಖ್ಯವಾಗಿ ಈ ಎರಡು ಸಂಖ್ಯೆ ಬೇಕು. ಮೊದಲನೇದು 5, ಎರಡನೇದು 3 ಸೆಕೆಂಡ್ ಅಂತ ಇಟ್ಕೊಳ್ಳಿ, ಮೇನ್ ರೋಡಲ್ಲಿ ಗಾಡಿಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಚೆದುರಿ ಬರ್ತವೆ ಅಂತಲೂ ಇಟ್ಕೊಳ್ಳಿ. ಗಂಟೆಗೆ 600 ಗಾಡಿ ಇದ್ರೆ ನೂರರಲ್ಲಿ ಸುಮಾರು 43 ಗ್ಯಾಪ್ ಉಪಯೋಗಕ್ಕೆ ಬರ್ತದೆ, ಒಳರಸ್ತೆಯಿಂದ ಗಂಟೆಗೆ 660ರಷ್ಟು ಗಾಡಿ ಹೊರಬರ್ಬಹುದು. ಮೇನ್ ರೋಡಲ್ಲಿ ಅದೇ 1200 ಆದ್ರೆ ನೂರರಲ್ಲಿ 19 ಗ್ಯಾಪ್ ಮಾತ್ರ, ಹೊರಬರುದು 360ಕ್ಕೆ ಇಳೀತದೆ. ಸಾಯಂಕಾಲ ಕ್ಯೂ ಒಮ್ಮೆಲೆ ಬೆಳೆಯುದು ಇದಕ್ಕೇ.

ರೌಂಡಬೌಟಲ್ಲೂ ಇದೇ ಲೆಕ್ಕ, ಆದ್ರೆ ಅಲ್ಲಿ ಸೇರುವವ ಬಲಗಡೆಯಿಂದ ಸುತ್ತು ಬರುವ ಗಾಡಿ ಒಂದನ್ನೇ ನೋಡಿದ್ರೆ ಸಾಕು. ಬ್ರಿಟನ್‌ನಲ್ಲಿ 1966ರಲ್ಲಿ ಒಳಗಿದ್ದವನಿಗೇ ಮೊದಲ ಹಕ್ಕು ಅಂತ ನಿಯಮ ತಂದ್ರು. ಅದಕ್ಕೆ ಮುಂಚೆ ಹೊಸಬರು ನುಗ್ಗಿ, ಒಳಗಿದ್ದವ ಹೊರಗೆ ಹೋಗ್ಲಿಕ್ಕಾಗದೆ ಇಡೀ ಸರ್ಕಲ್ಲೇ ಲಾಕ್ ಆಗ್ತಿತ್ತು, ನಮ್ಮ ಪೇಟೆಗಳಲ್ಲಿ ಇವತ್ತಿಗೂ ಕಾಣುದು ಅದನ್ನೇ.

ನೀವು ಹೇಳಿದ ನುಗ್ಗುವ ವಿಷಯ ನಿಜವಾದ ತೊಡಕು. ಗ್ಯಾಪ್ ಸಿಗುವವರೆಗೆ ಕಾಯ್ತಾರೆ, ಸಿಕ್ಕಿದ್ರೆ ಹೋಗ್ತಾರೆ ಅಂತಲೇ ಹಳೇ ಮಾಡೆಲ್‌ಗಳು ನಂಬಿದ್ದು. ನಮ್ಮಲ್ಲಿ ಬೈಕ್‌ನವ ಮುಂದಿನ ಚಕ್ರ ತೂರಿಸಿ ಗ್ಯಾಪನ್ನೇ ಮಾಡ್ಕೊಳ್ತಾನೆ, ಆಟೋ ಅವನ ಮರೆಯಲ್ಲಿ ದಾಟ್ತದೆ, ಮೇನ್ ರೋಡಿನ ಬಸ್ಸೇ ಬ್ರೇಕ್ ಹಾಕ್ಬೇಕಾಗ್ತದೆ. ಹಾಗಾಗಿ ಅಮೆರಿಕದಲ್ಲಿ ಅಳೆದ ಗ್ಯಾಪಿನ ಸೆಕೆಂಡುಗಳನ್ನು ತಂದು ಕುಂಬಳೆಗೆ ಹಾಕಿದ್ರೆ ತಪ್ಪು ಉತ್ತರವೇ ಬರ್ತದೆ. ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ರಸ್ತೆಗಳ ಸಾಮರ್ಥ್ಯ ಲೆಕ್ಕ ಹಾಕುವ ಇಂಡೋ-ಎಚ್‌ಸಿಎಂ ಕೈಪಿಡಿ ತಂದದ್ದೂ ನಮ್ಮ ಮಿಶ್ರ ಟ್ರಾಫಿಕ್ಕಿಗೆ ನಮ್ಮದೇ ಅಳತೆ ಬೇಕು ಅಂತಲೇ.

ಅದಕ್ಕೆ ಮಗಳಿಗೆ ಹೇಳಿ, ಶಾಲೆ ಬಿಡುವ ಹೊತ್ತಿಗೆ ಯಾವುದಾದ್ರೂ ಅಂಗಡಿಯ ಮಾಳಿಗೆಯಿಂದ ವಿಡಿಯೋ ಮಾಡ್ಲಿ. ಪ್ರತಿ ಗಾಡಿಯವ ಸಾಲದು ಅಂತ ಬಿಟ್ಟ ಅತಿ ದೊಡ್ಡ ಗ್ಯಾಪ್ ಯಾವುದು, ಕೊನೆಗೆ ನುಗ್ಗಿದ್ದು ಯಾವುದಕ್ಕೆ, ಇವೆರಡನ್ನೂ ಬರೀಲಿ, ಅವನಿಗೆ ಬೇಕಾದ ಗ್ಯಾಪ್ ಇವೆರಡರ ಮಧ್ಯೆ ಇರ್ತದೆ. ಬೈಕ್, ಆಟೋ, ಬಸ್ಸಿಗೆ ಬೇರೆ ಬೇರೆ ಪಟ್ಟಿ ಬೇಕು, ಮಳೆಗಾಲದ್ದು ಇನ್ನೊಂದು ಆದ್ರೆ ಮತ್ತೂ ಒಳ್ಳೇದು. ಕಳಿಸಿದ್ರೆ ಅಂಕಿಗಳ ಸಮೇತ ನಾವು ಪ್ರಿಂಟ್ ಮಾಡ್ತೇವೆ.

— ಸಂ.