ಹಳೆಯ ವಿಂಚ್ ಕೊಳ್ಳುವ ಮುನ್ನ ಭಾರ ಹಾಕಿ ನೋಡಿ

ಪ್ರಶ್ನೆ: ನನ್ನ ಬಳಿ 2014ರ ಮಹೀಂದ್ರ ಥಾರ್ ಇದೆ. ಕಬ್ಬು ತೂಗುವ ವೇ ಬ್ರಿಜ್ ಮೇಲೆ ನಿಲ್ಲಿಸಿದಾಗ ಸಾಮಾನು ಮತ್ತು ಇಬ್ಬರು ಸೇರಿ ಸುಮಾರು 2,000 ಕೆ.ಜಿ. ತೂಗಿತು. ಮಳೆಗಾಲದಲ್ಲಿ ನಾಲೆಯ ಏರಿಯಲ್ಲೂ ತೋಟದ ದಾರಿಯಲ್ಲೂ ಗಾಡಿ ಪದೇ ಪದೇ ಹೂತುಕೊಳ್ಳುತ್ತದೆ. ಮೈಸೂರಿನ ಪರಿಚಿತರೊಬ್ಬರು ತಮ್ಮ ಜೀಪಿನಿಂದ ಬಿಚ್ಚಿಟ್ಟ 9,500 ಪೌಂಡಿನ, 12 ವೋಲ್ಟಿನ ವಿಂಚ್ (ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ಮೋಟರ್ ಯಂತ್ರ) ಕೊಡುತ್ತೇನೆ ಎನ್ನುತ್ತಿದ್ದಾರೆ. ಬ್ಯಾಟರಿಗೆ ಹಚ್ಚಿ ತೋರಿಸಿದರು. ಮೋಟರ್ ಚೆನ್ನಾಗಿ ತಿರುಗುತ್ತದೆ. ಕೊಳ್ಳಬಹುದೆ?
— ಓದುಗರು, ಪಾಂಡವಪುರ

ಉತ್ತರ: ನೀವು ಕಂಡಷ್ಟರಿಂದ ಆ ವಿಂಚ್ ಒಳ್ಳೆಯದೆಂದು ಹೇಳಲಾಗದು. ಕೆಟ್ಟದೆಂದೂ ಹೇಳಲಾಗದು. ಈ ಅಳತೆಯ ವಿಂಚ್ ಖಾಲಿ ತಿರುಗುವಾಗ ಬ್ಯಾಟರಿಯಿಂದ ಎಳೆಯುವ ಕರೆಂಟು ಸುಮಾರು 70 ಆಂಪಿಯರ್ ಇದ್ದರೆ, ಪೂರ್ಣ ಭಾರ ಬಿದ್ದಾಗ ಅದು 400 ಆಂಪಿಯರ್ ಹತ್ತಿರಕ್ಕೆ ಹೋಗುತ್ತದೆ. ಸವೆದ ಕಾರ್ಬನ್ ಬ್ರಶ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು), ಅರ್ಧ ಸುಟ್ಟ ಸೊಲೆನಾಯ್ಡ್ (ಮೋಟರಿಗೆ ಕರೆಂಟು ಬಿಡುವ ಸ್ವಿಚ್), ಸಡಿಲವಾದ ಟರ್ಮಿನಲ್ ಇವೆಲ್ಲವೂ 70 ಆಂಪಿಯರನ್ನು ಸಲೀಸಾಗಿ ದಾಟಿಸುತ್ತವೆ. ಅವುಗಳ ನಿಜಸ್ಥಿತಿ ತಿಳಿಯುವುದು ಭಾರ ಬಿದ್ದಾಗ ಮಾತ್ರ. ಆದ್ದರಿಂದ ಭಾರ ಹಾಕಿ ನೋಡದೆ ಮುಂಗಡವನ್ನೂ ಕೊಡಬೇಡಿ.

ಮೊದಲು ಸಾಮರ್ಥ್ಯದ ಮಾತು. ಗಾಡಿಯ ತುಂಬು ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಇರಬೇಕೆಂಬುದು ರೂಢಿಯ ಲೆಕ್ಕ. ನಿಮಗೆ ಅದು 3,000 ಕೆ.ಜಿ. ಆಗುತ್ತದೆ, 9,500 ಪೌಂಡ್ ಎಂದರೆ ಸುಮಾರು 4,300 ಕೆ.ಜಿ. ಹೀಗೆ ನೋಡಿದರೆ ಧಾರಾಳವಾಗಿ ಸಾಕು. ಆದರೆ ಫಲಕದ ಮೇಲೆ ಬರೆದಿರುವ ಆ ಅಂಕಿ, ಹಗ್ಗ ಸುತ್ತಿಕೊಳ್ಳುವ ಉರುಳೆಯಾದ ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಉಳಿದಾಗಿನ ಬಲ. ಪದರ ಹೆಚ್ಚಿದಂತೆ ಡ್ರಮ್ಮಿನ ಸುತ್ತಳತೆ ಹಿಗ್ಗಿ, ಎಳೆಯುವ ಬಲ ಕುಗ್ಗುತ್ತದೆ. ಪೂರ್ತಿ ಸುತ್ತಿದ ಡ್ರಮ್ಮಿನಲ್ಲಿ ಅದು ಮೂರರಲ್ಲಿ ಎರಡು ಪಾಲಿಗೆ, ಅಂದರೆ 2,800 ಕೆ.ಜಿ. ಆಸುಪಾಸಿಗೆ ಇಳಿದಿರುತ್ತದೆ. ಆಕ್ಸಲ್‌ವರೆಗೆ ಗದ್ದೆಯ ಕೆಸರಿನಲ್ಲಿ ಕುಳಿತ ಗಾಡಿಯನ್ನು ಮೇಲೆತ್ತಲು ಅದರ ತೂಕಕ್ಕಿಂತ ಹೆಚ್ಚಿನ ಬಲವೇ ಬೇಕಾಗಬಹುದು. ಹತ್ತಿರದ ಮರಕ್ಕೆ ಕಟ್ಟಿದರೆ ಸುಲಭ ಎಂದು ತೋರಿದರೂ ಹಗ್ಗವನ್ನು ಹೆಚ್ಚು ಬಿಚ್ಚಿ ದೂರದ ಮರಕ್ಕೆ ಕಟ್ಟಿದಾಗಲೇ ವಿಂಚ್ ಚೆನ್ನಾಗಿ ಎಳೆಯುತ್ತದೆ. ಹತ್ತಿರದ್ದೇ ಗತಿ ಎಂದಾದರೆ ರಾಟೆ ಹಾಕಿ ಹಗ್ಗವನ್ನು ಮತ್ತೆ ಗಾಡಿಯ ಕೊಂಡಿಗೇ ತಂದು ಸಿಕ್ಕಿಸಿ. ವೇಗ ಅರ್ಧವಾಗುತ್ತದೆ, ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮಾರುವವರ ಬಳಿ ರಾಟೆ ಇದ್ದರೆ ಅದನ್ನೂ ಸೇರಿಸಿ ಕೇಳಿ.

ಪರೀಕ್ಷೆ ಹೀಗಿರಲಿ. ವಿಂಚನ್ನು ಅವರ ಜೀಪಿಗೇ ಮತ್ತೆ ಕೂರಿಸಿ, ಬಯಲಿನಲ್ಲಿ ನಿಲ್ಲಿಸಿ, ಹಗ್ಗವನ್ನು ಪೂರ್ತಿ ಹೊರಗೆಳೆಯಿರಿ. ಎಲ್ಲರೂ ಮೇಲಿನ ಪದರ ನೋಡಿ ಸುಮ್ಮನಾಗುತ್ತಾರೆ. ತುಕ್ಕು ಕೂತಿರುವುದು ಒಳಗಿನ ಪದರಗಳಲ್ಲಿ, ನೀರು ಇಂಗಿ ಒಣಗದೆ ಉಳಿಯುವ ಕಡೆ. ದಪ್ಪ ಚರ್ಮದ ಕೈಗವಸು ಹಾಕಿ ಹಗ್ಗದ ಉದ್ದಕ್ಕೂ ಬಟ್ಟೆಯೊಂದನ್ನು ಎಳೆಯಿರಿ. ಕಡಿದ ತಂತಿಯ ಎಳೆ ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಎಳೆ ಕಡಿದಿದ್ದರೆ, ಮಡಚಿ ಗಂಟು ಬಿದ್ದ ಗುರುತಿದ್ದರೆ ಅಥವಾ ಒಂದು ಕಡೆ ಚಪ್ಪಟೆಯಾಗಿದ್ದರೆ ಆ ಹಗ್ಗ ಕೆಲಸಕ್ಕೆ ಬಾರದು ಎಂದೇ ತಿಳಿದು ಹೊಸ ಹಗ್ಗದ ಬೆಲೆಯನ್ನು ಕಳೆದು ಮಾತಾಡಿ.

ಆಮೇಲೆ ಸ್ವಲ್ಪ ಏರಿರುವ ಕಡೆ ಗಾಡಿ ನಿಲ್ಲಿಸಿ, ಮೇಲಿನ ಗಟ್ಟಿ ಮರದ ಬುಡಕ್ಕೆ ಅಗಲವಾದ ಪಟ್ಟಿ ಸುತ್ತಿ ಕೊಂಡಿ ಹಾಕಿ. ಇಂಜಿನ್ ಚಾಲೂ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಬ್ರೇಕಿನ ಮೇಲೆ ಕಾಲಿಡಲು ಒಬ್ಬರು ಒಳಗೆ ಕುಳಿತಿರಲಿ. ಗಾಡಿಯ ಹಿಂದೆ, ಹಗ್ಗದ ಹತ್ತಿರ ಯಾರೂ ನಿಲ್ಲಬಾರದು. ಉಕ್ಕಿನ ಹಗ್ಗ ತುಂಡಾದರೆ ಬೀಸುವ ರಭಸಕ್ಕೆ ಕಾಲು ಮುರಿಯುವುದಲ್ಲ, ಜೀವವೇ ಹೋಗಬಹುದು. ಹಗ್ಗದ ನಡುವೆ ಒದ್ದೆ ಗೋಣಿಚೀಲವನ್ನಾದರೂ ಹೊದಿಸಿಯೇ ಎಳೆಯಿರಿ. ಒಂದು ನಿಮಿಷ ಎಳೆದು ನಿಲ್ಲಿಸಿದಾಗ ಗಾಡಿ ಅಲ್ಲಿಯೇ ನಿಲ್ಲಬೇಕು. ಅಂಗುಲ ಅಂಗುಲವಾಗಿ ಹಿಂದಕ್ಕೆ ಜಾರುತ್ತಲೇ ಇದ್ದರೆ ವಿಂಚಿನ ಒಳಗಿನ ಬ್ರೇಕ್ ಸವೆದಿದೆ. ಸ್ವಿಚ್ ಒತ್ತಿದಾಗ ಟಕ್ ಎಂಬ ಸದ್ದು ಬಂದು ಮೋಟರ್ ತಿರುಗದಿದ್ದರೆ ಸೊಲೆನಾಯ್ಡ್ ಅಥವಾ ಬ್ರಶ್ಶಿನ ದೋಷ. ಅದು ದುರಸ್ತಿಯಾಗುವಂಥದ್ದು, ಅದಕ್ಕೆ ಹೆದರಬೇಕಿಲ್ಲ. ಸುಟ್ಟ ವಾರ್ನಿಷ್ ವಾಸನೆ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ಭಾರ ಹಾಕಿ ತೋರಿಸಲು ಅವರು ಒಪ್ಪದಿದ್ದರೆ ಇನ್ನೊಂದು ದಾರಿಯಿದೆ. ನಿಮ್ಮ ಕಡೆ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿಗಳಿಗೆ ಕೊರತೆಯಿಲ್ಲ. ಡಿ.ಸಿ. ಮೋಟರ್ ಬಿಚ್ಚಿ ಅಭ್ಯಾಸವಿರುವವರ ಬಳಿ ಒಯ್ದು ಮುಚ್ಚಳ ತೆಗೆಸಿ. ಕಾಮ್ಯುಟೇಟರ್ (ಬ್ರಶ್ ಉಜ್ಜುವ ತಾಮ್ರದ ಉರುಳೆ) ತಾಮ್ರದ ಬಣ್ಣದಿಂದ ಒಂದೇ ಸಮನೆ ಕಂದಾಗಿದ್ದರೆ ಸರಿ. ಅಲ್ಲಲ್ಲಿ ಸುಟ್ಟ ಕಪ್ಪು ಗುರುತು, ಬ್ರಶ್ ಕಚ್ಚಿದ ಗೀರು ಕಂಡರೆ ಸರಿಯಿಲ್ಲ. ಒಳಗೆ ಒಣಗಿದ ಕೆಂಪು ಕೆಸರಿನ ಪುಡಿ ಕಂಡರೆ ನೀರಿನಲ್ಲಿ ಮುಳುಗಿದ ವಿಂಚ್ ಎಂದು ಅರ್ಥ. ಹೊಸ ಬಣ್ಣ ಹೊಡೆದ ವಿಂಚನ್ನು ಇನ್ನೂ ಎಚ್ಚರದಿಂದ ಬಿಚ್ಚಿಸಿ ನೋಡಿ. ನನ್ನ ಅಭಿಪ್ರಾಯದಲ್ಲಿ, ಎಲ್ಲ ಪರೀಕ್ಷೆಯಲ್ಲೂ ಗೆದ್ದ ವಿಂಚಿಗೂ ಅದೇ ಮಾದರಿಯ ಹೊಸದರ ಅರ್ಧ ಬೆಲೆಗಿಂತ ಹೆಚ್ಚು ಕೊಡುವುದು ತರವಲ್ಲ. ಸೊಲೆನಾಯ್ಡ್, ಬ್ರಶ್ ಬಿಡಿಯಾಗಿ ಸಿಗದ ಮಾದರಿಯಾದರೆ ಅಗ್ಗಕ್ಕೆ ಬಂದರೂ ಬೇಡ.

ಕೂರಿಸುವ ವಿಷಯದಲ್ಲಿ ಅವಸರ ಮಾಡಬೇಡಿ. ಉಕ್ಕಿನ ಹಗ್ಗದ ಸಹಿತ ವಿಂಚ್ 35ರಿಂದ 40 ಕೆ.ಜಿ. ತೂಗುತ್ತದೆ, ಅದನ್ನು ಬಂಪರಿನ ತಗಡಿಗಲ್ಲ, ಛಾಸಿಗೇ ಬೋಲ್ಟ್ ಮಾಡಿದ ತಟ್ಟೆಗೆ ಕೂರಿಸಬೇಕು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಬಂಪರಿನಿಂದ ಮುಂದೆ ಚಾಚುವ ಲೋಹದ ಚೌಕಟ್ಟುಗಳಾದ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು. ಗ್ಯಾರೇಜಿನವರು ಕೊಡುವ ಭರವಸೆಯನ್ನು ನೆಚ್ಚದೆ, ವೆಲ್ಡಿಂಗ್‌ಗೆ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ.

ನಾಲೆಯ ಬಯಲಿನವರಿಗೆ ಇನ್ನೊಂದು ಮಾತು: ತೂಬಿನ ಕಟ್ಟೆಗೆ, ಸೇತುವೆಯ ತಡೆಗಂಬಿಗೆ, ವಿದ್ಯುತ್ ಕಂಬಕ್ಕೆ ಎಂದೂ ಹಗ್ಗ ಕಟ್ಟಬೇಡಿ. ಅವು ಅಡ್ಡ ಎಳೆತಕ್ಕೆಂದು ಕಟ್ಟಿದವಲ್ಲ. ಮರವಿಲ್ಲದ ಕಡೆ ಗಟ್ಟಿ ನೆಲದಲ್ಲಿ ನಿಂತ ಟ್ರ್ಯಾಕ್ಟರೇ ಒಳ್ಳೆಯ ಆಸರೆ.

ಪ್ರಶ್ನೆ: ಹಳೆಯ ವಿಂಚಿನ ಉಕ್ಕಿನ ಹಗ್ಗ ತೆಗೆದು ಸಿಂಥೆಟಿಕ್ ಹಗ್ಗ ಹಾಕಬಹುದೆ?
— ಓದುಗರು, ಮೈಸೂರು

ಉತ್ತರ: ಹಾಕಬಹುದು. ಹಗುರ, ಕೈಗೆ ಚುಚ್ಚದು, ತುಂಡಾದರೂ ಉಕ್ಕಿನಷ್ಟು ರಭಸದಿಂದ ಬೀಸದು. ಆದರೆ ಹಗ್ಗ ಹೊರಬರುವ ಬಾಯಲ್ಲಿರುವ ಉಕ್ಕಿನ ರೋಲರುಗಳಲ್ಲಿ ಹಳೆಯ ಹಗ್ಗ ಉಜ್ಜಿ ಗೀರು ಬಿದ್ದಿರುತ್ತವೆ. ಅವುಗಳನ್ನು ತೆಗೆದು ನಯವಾದ ಅಲ್ಯೂಮಿನಿಯಂ ಹಾಸ್ (ರೋಲರ್ ಇಲ್ಲದ, ಅಂಚು ದುಂಡಗಿರುವ ಬಾಯಿ) ಹಾಕಿಸಬೇಕು, ಡ್ರಮ್ಮಿನ ಒರಟು ಭಾಗವನ್ನು ಮರಳು ಕಾಗದದಿಂದ ಉಜ್ಜಿಸಬೇಕು. ಡ್ರಮ್ಮಿನ ಒಳಗೇ ಬ್ರೇಕ್ ಇರುವ ವಿಂಚುಗಳಲ್ಲಿ ಭಾರವನ್ನು ಇಳಿಸುವಾಗ ಡ್ರಮ್ ಬಿಸಿಯಾಗಿ ಒಳಪದರದ ಹಗ್ಗ ಕರಗುವ ಅಪಾಯವಿದೆ. ಆದ್ದರಿಂದ ಶಾಖ ತಡೆಯುವ ಹೊದಿಕೆ ಇರುವ ಹಗ್ಗವನ್ನೇ ಕೊಳ್ಳಿ, ನಿಲ್ಲಿಸಿ ನಿಲ್ಲಿಸಿ ಇಳಿಸಿ. ಉಕ್ಕಿನ ಹಗ್ಗಕ್ಕೆ ಡ್ರಮ್ಮಿನಲ್ಲಿ ಐದು ಸುತ್ತು ಉಳಿಸಿದರೆ ಸಾಕಿತ್ತು. ಇದು ನುಣುಪಾದ್ದರಿಂದ ಎಂಟು ಹತ್ತು ಸುತ್ತು ಉಳಿಸಬೇಕು. ಕೆಸರಿನ ಕೆಲಸವಾದ ಮೇಲೆ ಬಿಚ್ಚಿ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಸುತ್ತಿ. ಎಳೆಗಳ ನಡುವೆ ಉಳಿದ ಮರಳು ಹಗ್ಗವನ್ನು ಒಳಗಿಂದಲೇ ಕೊಯ್ಯುತ್ತದೆ.