ಮಹಾಮಂತ್ರಿಯ ದಿನಚರಿ

ಪ್ರಿಯ ಓದುಗರೇ,

ಪ್ರಾಚೀನ ಈಜಿಪ್ಟಿನ ಮಹಾಮಂತ್ರಿಗೆ ದೊರೆಯ ಪಕ್ಕ ನಿಲ್ಲುವುದರ ಹೊರತು ಏನು ಕೆಲಸವಿತ್ತು, ಚಿಕ್ಕಪ್ಪನೋ ದೊಡ್ಡಪ್ಪನೋ ಕೂತ ಪೀಠದಲ್ಲೇ ಕೂತ ಮಹಾಮಂತ್ರಿ ರೆಖ್ಮಿರೆ ನ್ಯಾಯ ಹೇಳಿದ್ದು ಹೇಗೆ ಎಂದು ಕೇಳಿದ್ದೀರಿ. ಉತ್ತರ ಅವನ ಸಮಾಧಿಯ ಗೋಡೆಯ ಮೇಲೇ ಇದೆ. ಲಕ್ಸರ್‌ ನಗರದ ಎದುರಿನ, ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ಅದನ್ನು ಈಗಲೂ ನೋಡಬಹುದು.

ಕ್ರಿ.ಪೂ. 15ನೇ ಶತಮಾನದಲ್ಲಿ, ದೊರೆ ಮೂರನೇ ಥುಟ್ಮೋಸ್ ಮತ್ತು ಅವನ ಮಗನ ಕಾಲದಲ್ಲಿ, ದಕ್ಷಿಣ ಈಜಿಪ್ಟಿನ ಆಡಳಿತ ರೆಖ್ಮಿರೆಯದು. ಉತ್ತರಕ್ಕೆ ಬೇರೆ ಮಂತ್ರಿ. ಬೆಳಿಗ್ಗೆ ದೊರೆಯ ಕ್ಷೇಮ ವಿಚಾರಿಸಿ ಹೊರಬಂದರೆ ಖಜಾನೆಯ ಮುಖ್ಯಸ್ಥ ಎದುರಾಗುತ್ತಿದ್ದ. ಮೊಹರು ಹಾಕಿದ ಉಗ್ರಾಣಗಳು ಯಾವ ಹೊತ್ತಿಗೆ ಮುಚ್ಚಿದವು, ಯಾವ ಹೊತ್ತಿಗೆ ತೆರೆದವು ಎಂದು ಅವನು ಒಪ್ಪಿಸಬೇಕು. ಅರಮನೆಯ ವರದಿಯನ್ನು ಮಂತ್ರಿ ಅವನಿಗೆ ಒಪ್ಪಿಸಬೇಕು. ಒಬ್ಬರ ಮೇಲೊಬ್ಬರ ಕಣ್ಣು. ಆಮೇಲಷ್ಟೇ ಬಾಗಿಲುಗಳು ತೆರೆಯುತ್ತಿದ್ದವು, ಒಳಹೋದದ್ದು ಹೊರಬಂದದ್ದೆಲ್ಲ ಲಿಪಿಕಾರರ ಲೆಕ್ಕಕ್ಕೆ ಸೇರುತ್ತಿತ್ತು.

ನಮಗೆ ಹೆಚ್ಚು ಬೆರಗು ಹುಟ್ಟಿಸುವುದು ಜಮೀನಿನ ವ್ಯಾಜ್ಯ. ಬಾಯಿಮಾತಿನ ದೂರು ನಡೆಯುತ್ತಿರಲಿಲ್ಲ, ಅರ್ಜಿ ಬರಹದಲ್ಲೇ ಇರಬೇಕು. ಹಿಂದೆ ನಿಂತವನನ್ನು ಮುಂದಿನವನಿಗಿಂತ ಮೊದಲು ಕರೆಯುವಂತಿರಲಿಲ್ಲ. ಅರ್ಜಿದಾರನ ಜೊತೆಗೆ ಹೊಲಗಳ ಮೇಲ್ವಿಚಾರಕನ ಮಾತನ್ನೂ ಮಂತ್ರಿ ಕೇಳುತ್ತಿದ್ದ. ಹೊಲ ರಾಜಧಾನಿಯ ಹತ್ತಿರವಿದ್ದರೆ ಗಡುವು 3 ದಿನ, ದೂರದಲ್ಲಿದ್ದರೆ 2 ತಿಂಗಳು. ದಾಖಲೆ ಬೇಕಾದರೆ ಅದನ್ನು ಕಾಯುವವರ ಮೊಹರಿನೊಂದಿಗೇ ಬರಬೇಕು. ಮಂತ್ರಿ ಒಡೆದು ಓದಿದ ಮೇಲೆ ತನ್ನ ಮೊಹರು ಒತ್ತಿ ವಾಪಸು ಕಳಿಸಬೇಕು. ನಡುವೆ ಯಾರಾದರೂ ಗಡಿಯ ಅಳತೆ ತಿದ್ದಿದರೆ ಒಡೆದ ಮೊಹರೇ ಹೇಳಿಬಿಡುತ್ತಿತ್ತು. ಆಸ್ತಿ ವರ್ಗಾವಣೆಯ ಪತ್ರಗಳಿಗೂ ಅವನದೇ ಮೊಹರು.

ಕಾಲುವೆ ತೋಡಿಸುವುದು, ಉಳುಮೆಗೆ ಆಜ್ಞೆ ಕಳಿಸುವುದು, ಮರ ಕಡಿಸುವುದು ಕೂಡ ಅವನ ಪಾಲಿಗೇ. ನೈಲ್ ಉಕ್ಕಿದ ಸುದ್ದಿಯೂ ಅವನಿಗೇ ಬರುತ್ತಿತ್ತು.

ಇನ್ನು ನೆಂಟರ ಪ್ರಶ್ನೆ. ಮಂತ್ರಿಪಟ್ಟ ಕಟ್ಟುವಾಗಲೇ ದೊರೆ, ಈ ಹುದ್ದೆ ಸಿಹಿಯಲ್ಲ, ಪಿತ್ತದಷ್ಟು ಕಹಿ ಎಂದು ಎಚ್ಚರಿಸುತ್ತಾನೆ. ಹಿಂದೊಮ್ಮೆ ಮಂತ್ರಿಯಾಗಿದ್ದ ಖೇತಿಯ ಉದಾಹರಣೆಯನ್ನೂ ಕೊಡುತ್ತಾನೆ. ಪಕ್ಷಪಾತಿ ಎನ್ನಿಸಿಕೊಳ್ಳುವ ಭಯಕ್ಕೆ ಖೇತಿ ತನ್ನವರ ವಿರುದ್ಧವೇ ತೀರ್ಪು ಕೊಡುತ್ತಿದ್ದನಂತೆ. ದೊರೆಯ ಪ್ರಕಾರ ಅದು ನ್ಯಾಯದ ಮೇರೆ ಮೀರಿದ ನಡೆ, ಆದ್ದರಿಂದ ತಪ್ಪು. ಪರಿಚಿತನನ್ನೂ ಅಪರಿಚಿತನನ್ನೂ ಒಂದೇ ಸಮ ಕಾಣಬೇಕು. ಅರ್ಜಿ ತಳ್ಳಿಹಾಕುವುದಾದರೆ ಯಾಕೆಂದು ಅರ್ಜಿದಾರನಿಗೆ ಹೇಳಿಯೇ ಕಳಿಸಬೇಕು.

– ಸಂಪಾದಕ