ಲೆಕ್ಕ ಕೇಳಿದರೆ ಅವಮಾನವೇ?

ವಿರಾಜಪೇಟೆ ಕಡೆಯ 19 ವರ್ಷದ ಓದುಗರೊಬ್ಬರು ಬರೆದಿದ್ದಾರೆ: "ನನಗೆ ಹನ್ನೊಂದು ವರ್ಷ ಇದ್ದಾಗ ಅಪ್ಪ ತೀರಿಕೊಂಡರು. ಅವರು ಸ್ವಂತ ದುಡಿದು ಕೊಂಡ ಕಾಫಿ ತೋಟ, ಬ್ಯಾಂಕಿನ ಹಣ ಎಲ್ಲ ನನ್ನ ಹೆಸರಿಗೆ ಬರೆದು, ನನಗೆ 18 ತುಂಬುವವರೆಗೆ ದೊಡ್ಡಪ್ಪ ಮತ್ತು ಒಬ್ಬ ಸ್ನೇಹಿತರು ಟ್ರಸ್ಟಿಗಳಾಗಿ ನೋಡಿಕೊಳ್ಳಲಿ ಎಂದು ವಿಲ್ ಮಾಡಿದ್ದರು. ಈಗ ಕೇಳಿದರೆ 'ಎಲ್ಲ ನಿನ್ನ ಓದಿಗೇ ಖರ್ಚಾಯಿತು' ಅನ್ನುತ್ತಾರೆ. ಎರಡು ಎಕರೆ ಮಾರಿಯೂ ಆಗಿದೆ. ಹಿರಿಯರ ಹತ್ತಿರ ಲೆಕ್ಕ ಕೇಳುವುದು ಸರಿಯಾ?"

ಸರಿಯಾ ಅಂತ ಕೇಳುತ್ತೀರಲ್ಲಮ್ಮಾ! ಪತ್ರದಲ್ಲಿ ನನಗೆ ಬೇಜಾರಾಗಿದ್ದು ಆ ಒಂದೇ ಸಾಲು.

ದೊಡ್ಡಪ್ಪನ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ. ತೋಟ ನಡೆಸುವುದು ಸುಲಭವಲ್ಲ. ಆಳು ಸಿಗುವುದಿಲ್ಲ, ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಡುತ್ತದೆ, ಆನೆ ನುಗ್ಗುತ್ತದೆ. ಒಪ್ಪಿದೆ. ಆದರೆ ಎಂಟು ವರ್ಷ ಕಾಫಿ ಮಾರಿದವರ ಹತ್ತಿರ ತೋರಿಸಲು ಒಂದು ಬಿಲ್ಲೂ ಇಲ್ಲವಾ?

ನಮ್ಮ ನೆಲಕ್ಕೆ ಈ ಕಥೆ ಹೊಸದಲ್ಲ. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1809ರಲ್ಲಿ ತೀರಿಕೊಂಡಾಗ ಪಟ್ಟ ಮಗಳು ದೇವಮ್ಮಾಜಿಗೆ ಎಂದಾಗಿತ್ತು. ಇನ್ನೂ ಸಣ್ಣ ಹುಡುಗಿ. ಅವಳ ಪರವಾಗಿ ಆಡಳಿತ ನೋಡಿಕೊಳ್ಳಲು ಚಿಕ್ಕಪ್ಪ ಲಿಂಗರಾಜ ಬಂದ. 1811ರ ಹೊತ್ತಿಗೆ ಅವನೇ ರಾಜ. ಇವತ್ತು ಮಡಿಕೇರಿ ಕೋಟೆ ತೋರಿಸುವಾಗ ಲಿಂಗರಾಜನ ಅರಮನೆ ಅನ್ನುತ್ತೇವೆ. ದೇವಮ್ಮಾಜಿಯ ಸುದ್ದಿ ಯಾರು ಎತ್ತುತ್ತಾರೆ?

ಪುಣ್ಯಕ್ಕೆ ನಿಮ್ಮ ಕಾಲದಲ್ಲಿ ಕಾನೂನಿದೆ. 1882ರ ಟ್ರಸ್ಟ್ ಕಾಯಿದೆ ಪ್ರಕಾರ ಟ್ರಸ್ಟಿ ಸರಿಯಾದ ಲೆಕ್ಕ ಇಡಬೇಕು, ನೀವು ಕೇಳಿದಾಗ ಕೊಡಬೇಕು. ನಂಬಿಕೆ ಮುರಿದು ನಷ್ಟ ಮಾಡಿದ್ದರೆ ಕೈಯಿಂದ ತುಂಬಿಕೊಡಬೇಕು. ಮೊದಲು ಪಹಣಿ ತೆಗೆಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ, ಆ ಎರಡು ಎಕರೆ ಯಾರ ಕೈಗೆ ಹೋಯಿತೆಂದು ಗೊತ್ತಾಗುತ್ತದೆ. ಮಾರುವ ಅಧಿಕಾರವನ್ನು ಅಪ್ಪ ಕೊಟ್ಟಿದ್ದರಾ, ವಿಲ್ ಓದಿ ನೋಡಿ. ಆಮೇಲೆ ವಕೀಲರ ನೋಟಿಸ್. ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಡ ಮಾತ್ರ ಮಾಡಬೇಡಿ. ಟ್ರಸ್ಟಿಯ ಕೈಯಲ್ಲೇ ಉಳಿದಿರುವ ಆಸ್ತಿ ಕೇಳಲು ಗಡುವಿಲ್ಲ, ಆದರೆ ದುಡ್ಡು ಕೊಟ್ಟು ಜಮೀನು ಕೊಂಡವರ ಮೇಲೆ ದಾವೆ ಹೂಡಲು ಗಡುವಿದೆ.

ನನ್ನ ಸಿಟ್ಟು ನಿಮ್ಮ ದೊಡ್ಡಪ್ಪನ ಮೇಲೆ ಮಾತ್ರ ಅಲ್ಲ ಬಿಡಿ. ಕೊಡಗಿನಲ್ಲಿ ಹೆಣ್ಣುಮಕ್ಕಳಿಗೆ ಹಾಕಿ ಆಟ ಕಲಿಸುತ್ತೇವೆ, ಕೋವಿ ಹಿಡಿಯುವುದನ್ನೂ ಕಲಿಸುತ್ತೇವೆ. ಪಹಣಿ ಓದುವುದು ಕಲಿಸುತ್ತೇವಾ? ಮಗಳು ಆಸ್ತಿ ಪತ್ರ ಮುಟ್ಟಿದರೆ ಸಾಕು, ಮನೆಯವರ ಮುಖ ಸಣ್ಣದಾಗುತ್ತದೆ.

ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಅಜ್ಜ ಹೋದ ಮೇಲೆ ಕಾಫಿ ಮಾರುವ ಕೆಲಸ ಒಬ್ಬ ನೆಂಟರದ್ದು. ಕಣದಿಂದ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆ ಹೊರಟಾಗಲೆಲ್ಲ ಅಜ್ಜಿ ಅಡುಗೆಮನೆ ಗೋಡೆಗೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಮೂರು ವರ್ಷದ ಗೆರೆ ಸೇರಿತ್ತು. ನಮ್ಮ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತು. ಯಾವತ್ತೂ ನಮ್ಮ ಮನೆಗೆ ಒಂದು ಪೈಸೆ ಬಿಚ್ಚದ ಆ ನೆಂಟರು, ತಮ್ಮ ಖರ್ಚಿನಲ್ಲೇ ಆಳು ಕರೆಸಿ, ಅಡುಗೆಮನೆಗೆ ಸುಣ್ಣ ಹೊಡೆಸಿದರು.